ಕರಗಿದ ಗಿಣ್ಣು, ಕೆಂಡದ ಸೀತನಿ

ಇಂಗ್ಲಿಷಿನ ‘ಚೀಸ್’ ಎಂಬ ಶಬ್ದಕ್ಕೆ ಕನ್ನಡದ ಅರ್ಥವನ್ನು ಹುಡುಕಿ ನಿಘಂಟನ್ನು ತೆರೆದರೆ ‘ಗಿಣ್ಣು’ ಎಂಬ ಮಾತು ಸಿಗುತ್ತದೆ. ನಿಘಂಟುಕಾರರ ಶ್ರಮಕ್ಕೆ ಗೌರವ ಸಲ್ಲಲೇಬೇಕು. ಆದರೂ ಮೋಟೆಬೆನ್ನೂರಿನ ಯಾವ ಮನೆಯ ಅಜ್ಜಿಯಾದರೂ ಈ ಅರ್ಥವನ್ನು ಕೇಳಿ ನಕ್ಕಾಳು. ಅವಳು ಬಲ್ಲ ಗಿಣ್ಣ ಎಮ್ಮೆ ಈದ ಮೊದಲ ಎರಡು ಮೂರು ದಿನಗಳ ಹಾಲಿನದು. ಬೆಲ್ಲ, ಏಲಕ್ಕಿ ಬೆರೆತು, ಕಾವಿಗೆ ತಾನಾಗಿ ಗಟ್ಟಿಯಾಗಿ, ಓಣಿಯ ನಾಲ್ಕು ಮನೆಗೆ ಹಂಚಿಹೋಗುವ ಸಿಹಿ. ಕಾಯಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆಯೇ ಹೊರತು ಕರಗುವುದಿಲ್ಲ. ನಾನು ಇಂದು ಹೇಳಹೊರಟದ್ದಾದರೋ ಕರಗುವ ಗಿಣ್ಣಿನ ಕಥೆಯನ್ನು. ಆಲ್ಪ್ಸ್ ಪರ್ವತದ ಚಳಿಯಲ್ಲಿ ಹುಟ್ಟಿ, ದೊಡ್ಡ ನಗರಗಳ ದೀಪದ ಬೆಳಕಿಗೆ ಇಳಿದುಬಂದ ಒಂದು ಊಟದ ಕಥೆ ಅದು. ಅದನ್ನು ಹೇಳುತ್ತ ಹೋದಂತೆ ನಮ್ಮ ಹೊಲದ ಬದುವಿಗೇ ಮರಳಿ ಬರಬೇಕಾಗುತ್ತದೆ.

ಸ್ವಿಟ್ಜರ್ಲೆಂಡಿನ ಪರ್ವತಪ್ರದೇಶದಲ್ಲಿ ಹುಲ್ಲು ಬೆಳೆಯುವ ಕಾಲ ಬಹಳ ಕಡಿಮೆ. ಬೇಸಗೆ ಬಂದೊಡನೆ ದನಗಳನ್ನು ಮೇಲಿನ ಹುಲ್ಲುಗಾವಲುಗಳಿಗೆ ಹೊಡೆದುಕೊಂಡು ಹೋಗುತ್ತಾರೆ. ಹಿಮ ಬೀಳುವ ಮುನ್ನ ಇಳಿಸಿ ತರುತ್ತಾರೆ. ಈ ಏರಿಳಿತದ ಬದುಕನ್ನು ಯುನೆಸ್ಕೋ ಸಂಸ್ಥೆಯು 2023ರಲ್ಲಿ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಗೆಯ ಆ ಮೂರು ನಾಲ್ಕು ತಿಂಗಳಲ್ಲಿ ಹಾಲು ಹೊಳೆಯಾಗಿ ಹರಿಯುತ್ತದೆ. ಆದರೆ ಹಾಲು ನಿಲ್ಲುವ ವಸ್ತುವಲ್ಲ. ಅದನ್ನು ನಿಲ್ಲಿಸುವ ಉಪಾಯವೇ ಚೀಸ್. ಗ್ರುಯೇರ್ ಎಂಬ ಹೆಸರಿನ ಗಟ್ಟಿ ಚೀಸಿನ ಒಂದು ಗಾಲಿ ಸುಮಾರು 35 ಕಿಲೋ ತೂಗುತ್ತದೆ. ಅದಕ್ಕೆ 400 ಲೀಟರಿನಷ್ಟು ಹಾಲು ಬೇಕು. ಬೇಸಗೆಯ ಹುಲ್ಲನ್ನು ಚಳಿಗಾಲದ ಅನ್ನವಾಗಿ ಕಾಪಿಡುವ ಕಣಜ ಅದು ಎಂದರೆ ತಪ್ಪಾಗಲಾರದು.

ಚಳಿಗಾಲ ಬಂದಾಗ ಮನೆಯಲ್ಲಿ ಉಳಿಯುವುದು ಒಣಗಿದ ಬ್ರೆಡ್ಡು, ಬಿರುಸಾದ ಚೀಸು. ಎರಡೂ ಹಲ್ಲಿಗೆ ಸವಾಲು. ಆಗ ಬೆಂಕಿಯ ನೆರವು ಬೇಕಾಯಿತು. ಇದರಲ್ಲಿ ಎರಡು ಪದ್ಧತಿಗಳುಂಟು. ಒಂದು, ವಾಲೇ ಪ್ರಾಂತದ ‘ರಾಕ್ಲೆಟ್’. ಚೀಸಿನ ಗಾಲಿಯನ್ನು ಅರ್ಧಕ್ಕೆ ಕತ್ತರಿಸಿ, ಕತ್ತರಿಸಿದ ಮುಖವನ್ನು ಕೆಂಡಕ್ಕೆ ಒಡ್ಡಿ, ಕರಗಿದ ಪದರವನ್ನು ಬೆಂದ ಆಲೂಗಡ್ಡೆಯ ಮೇಲೆ ಕೆರೆದು ಹಾಕುವುದು. ಫ್ರೆಂಚ್ ಭಾಷೆಯಲ್ಲಿ ಆ ಹೆಸರಿಗೆ ಮೂಲವಾದ ಕ್ರಿಯಾಪದದ ಅರ್ಥವೇ ಕೆರೆಯುವುದು ಎಂದು. ಇನ್ನೊಂದು ‘ಫಾಂಡ್ಯೂ’, ಎಂದರೆ ಕರಗಿದ್ದು. ದಪ್ಪ ತಳದ ಪಾತ್ರೆಯ ಒಳಮೈಗೆ ಬೆಳ್ಳುಳ್ಳಿಯನ್ನು ತಿಕ್ಕಿ, ಬಿಳಿಯ ದ್ರಾಕ್ಷಾರಸದ ಮದ್ಯವನ್ನು ಕಾಯಿಸಿ, ತುರಿದ ಚೀಸನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ, ಮೆಲ್ಲನೆ ತಿರುವುತ್ತ ಕರಗಿಸುವುದು. ಆಮೇಲೆ ಪಾತ್ರೆಯನ್ನು ಪುಟ್ಟ ಉರಿಯ ಸಮೇತ ಮೇಜಿನ ನಡುವೆ ಇಡುತ್ತಾರೆ. ಸುತ್ತ ಕುಳಿತವರು ಉದ್ದ ಹಿಡಿಯ ಮುಳ್ಳುಚಮಚಕ್ಕೆ ಬ್ರೆಡ್ಡಿನ ತುಣುಕನ್ನು ಸಿಕ್ಕಿಸಿ, ಅದ್ದಿ ಅದ್ದಿ ತಿನ್ನುತ್ತಾರೆ. ಪಾತ್ರೆಯೊಳಗೆ ತುಣುಕನ್ನು ಬೀಳಿಸಿದವರಿಗೆ ಹಾಡು ಹೇಳುವಂಥ ಏನಾದರೊಂದು ತಮಾಷೆಯ ದಂಡ. ಕೊನೆಗೆ ತಳ ಹಿಡಿದ ಹೊಂಬಣ್ಣದ ಹಕ್ಕಳೆಗೆ ಎಲ್ಲಿಲ್ಲದ ಬೇಡಿಕೆ. ಬೆಣ್ಣೆ ಕಾಸಿದ ಪಾತ್ರೆಯ ತಳದ ಗಸಿಗೆ ರೊಟ್ಟಿ ಹಿಡಿದು ಜಗಳವಾಡಿದ ನಮ್ಮ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಬಲ್ಲ ಪನೀರು ಹೀಗೆ ಕರಗುವುದಿಲ್ಲವಲ್ಲ, ಏಕೆ? ಹಾಲಿನಲ್ಲಿರುವ ‘ಕೇಸಿನ್’ ಎಂಬ ಸಸಾರಜನಕವನ್ನು ಒಂದಕ್ಕೊಂದು ಹೆಣೆದು ಹಿಡಿದಿರುವುದು ಸುಣ್ಣದ ಅಂಶವಾದ ಕ್ಯಾಲ್ಸಿಯಂ. ಬಿಸಿ ಹಾಲಿಗೆ ನಿಂಬೆಹುಳಿ ಹಿಂಡಿದಾಗ ಹುಳಿಯು ಆ ಕ್ಯಾಲ್ಸಿಯಮ್ಮನ್ನು ಬಿಡಿಸಿ ನೀರಿಗೆ ಕಳಿಸುತ್ತದೆ. ಕೇಸಿನ್ ಕಣಗಳು ನೇರವಾಗಿ ಒಂದನ್ನೊಂದು ಅಪ್ಪಿಕೊಳ್ಳುತ್ತವೆ. ಅಂಥ ಒಡಕು ಹಾಲಿನ ಗಟ್ಟಿಯನ್ನು ಕಾಯಿಸಿದರೆ ಅಪ್ಪುಗೆ ಬಿಗಿಯಾಗುತ್ತದೆ, ಕರಗುವುದಿಲ್ಲ. ಆಲ್ಪ್ಸಿನವರು ಕರುವಿನ ಜಠರದಿಂದ ಬಂದ ‘ರೆನೆಟ್’ ಎಂಬ ಪಾಚಕದಿಂದ ಹಾಲನ್ನು ಹೆಪ್ಪುಗಟ್ಟಿಸುತ್ತಾರೆ. ಅಲ್ಲಿ ಕ್ಯಾಲ್ಸಿಯಮ್ಮಿನ ಸೇತುವೆಗಳು ಬಹುಮಟ್ಟಿಗೆ ಉಳಿಯುತ್ತವೆ. ಕಾವಿಗೆ ಆ ಹೆಣಿಗೆ ಸಡಿಲಗೊಂಡು ಚೀಸು ಹರಿಯುತ್ತದೆ. ಇನ್ನು ನಮ್ಮ ಗಿಣ್ಣವನ್ನು ಕಟ್ಟುವುದು ಬೇರೆಯೇ ಬಗೆಯ ಸಸಾರಜನಕ, ಕರುವಿಗೆ ರೋಗನಿರೋಧಕ ಶಕ್ತಿಯನ್ನು ಕೊಡುವಂಥದು. ಕೋಳಿಯ ಮೊಟ್ಟೆ ಬೆಂದು ಗಟ್ಟಿಯಾಗುವಂತೆ ಅದು ಕಾವಿಗೆ ಗಟ್ಟಿಯಾಗುತ್ತದೆ. ನಿಘಂಟಿನಲ್ಲಿ ಒಂದಾದ ಎರಡು ವಸ್ತುಗಳು ಒಲೆಯ ಮೇಲೆ ಬೇರೆಯಾಗುವುದು ಹೀಗೆ.

ಬರಿಯ ಚೀಸನ್ನು ಕಾಯಿಸಿದರೆ ಜಿಡ್ಡು ಬೇರೆ, ನಾರು ಬೇರೆ ಆಗುತ್ತದೆ. ಮದ್ಯದಲ್ಲಿರುವ ಹುಳಿಯು ಒಂದಿಷ್ಟು ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡು ನಾರನ್ನು ಬಿಡಿಸುತ್ತದೆ. ಒಂದು ಚಮಚ ಜೋಳದ ಪಿಷ್ಟವು ಜಿಡ್ಡು ಮೇಲೇಳದಂತೆ ತಡೆಯುತ್ತದೆ. ಮದ್ಯ ಒಲ್ಲದವರು ಸೇಬಿನ ರಸಕ್ಕೆ ನಿಂಬೆಹುಳಿ ಹಿಂಡಿ ಇದೇ ಕೆಲಸವನ್ನು ಸಾಧಿಸಬಹುದು. ಇದರಲ್ಲಿ ನಮಗೆ ಅಪರಿಚಿತವಾದದ್ದು ಏನೂ ಇಲ್ಲ. ಮಜ್ಜಿಗೆಯ ಸಾರು ಒಡೆಯದಿರಲೆಂದು ಅದಕ್ಕೆ ಕಡಲೆಹಿಟ್ಟನ್ನು ಕದಡಿ, ಕುದಿಯಗೊಡದೆ, ಕೈಬಿಡದೆ ತಿರುವುವ ನಮ್ಮ ತಾಯಂದಿರು ಈ ಶಾಸ್ತ್ರವನ್ನು ಎಂದೋ ಬಲ್ಲರು.

ಹಾಗಾದರೆ ನಮ್ಮವರು ಹಾಲನ್ನು ಒಡೆಸಲೇ ಇಲ್ಲವೆ? ಒಡೆಸಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ಈ ನಾಡನ್ನಾಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ, ಹುಳಿ ಹಾಕಿ ಒಡೆಸಿದ ಹಾಲಿನ ಗಟ್ಟಿಗೆ ಅಕ್ಕಿಹಿಟ್ಟು ಬೆರೆಸಿ, ಕರಿದು, ಸಕ್ಕರೆಯಲ್ಲಿ ಅದ್ದುವ ಭಕ್ಷ್ಯದ ವಿವರ ಬರುತ್ತದೆ. ಆದರೆ ಅದು ಅರಮನೆಯ ಸಿಹಿ. ಆರು ತಿಂಗಳು ಇಟ್ಟುಣ್ಣುವ ಬುತ್ತಿಯಲ್ಲ. ನಮ್ಮ ಬೆಚ್ಚನೆಯ ಹವೆಯಲ್ಲಿ ಹಾಲನ್ನು ಉಳಿಸುವ ದಾರಿಯೇ ಬೇರೆ: ಮೊಸರು, ಬೆಣ್ಣೆ, ಕೊನೆಗೆ ತುಪ್ಪ. ಇಟ್ಟುಣ್ಣುವ ಭಾರವನ್ನು ಇಲ್ಲಿ ಹೊತ್ತದ್ದು ಹಾಲಲ್ಲ, ಧಾನ್ಯ.

ಈ ಮಾತನ್ನು ನಮ್ಮ ನೆರೆಯ ಕವಿಯೊಬ್ಬರು ಅದ್ಭುತವಾಗಿ ಕಂಡರು. ಕನಕದಾಸರ ಕಾಗಿನೆಲೆ ಮೋಟೆಬೆನ್ನೂರಿನಂತೆಯೇ ಬ್ಯಾಡಗಿ ತಾಲೂಕಿನದು. ಅವರ ‘ರಾಮಧಾನ್ಯ ಚರಿತೆ’ಯಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ಹಿರಿಮೆಯ ವ್ಯಾಜ್ಯ ಬೀಳುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ಹೊರಗೆ ತಂದಾಗ ಭತ್ತ ಕಳೆಗುಂದಿದೆ, ರಾಗಿ ಗಟ್ಟಿಯಾಗಿಯೇ ಉಳಿದಿದೆ. ರಾಘವನ ಹೆಸರು ರಾಗಿಗೆ ಒಲಿಯುತ್ತದೆ. ಆಲ್ಪ್ಸಿನ ಚಳಿಗಾಲವೂ ಇಂಥ ಆರು ತಿಂಗಳ ಸೆರೆಯೇ. ಅದರಲ್ಲಿ ಗೆದ್ದುಬಂದದ್ದು ಚೀಸು. ಬಡವರ ಆಹಾರಕ್ಕೆ ಎಲ್ಲ ಕಡೆಯಲ್ಲೂ ಕಾಲವೇ ಪರೀಕ್ಷಕ.

ಇನ್ನು ಈ ಊಟ ನಗರಕ್ಕೆ ಇಳಿದ ಬಗೆ. ಚೀಸನ್ನು ಮದ್ಯದಲ್ಲಿ ಬೇಯಿಸುವ ಕ್ರಮ 1699ರ ಜ್ಯೂರಿಕ್ ನಗರದ ಒಂದು ಅಡಿಗೆಯ ಹಸ್ತಪ್ರತಿಯಲ್ಲೇ ಇದೆ. ಎಂದರೆ ಅದನ್ನು ಬರೆದಿಟ್ಟವರು ದನಗಾಹಿಗಳಲ್ಲ, ಪಟ್ಟಣಿಗರು. ಅದು ಇಡೀ ದೇಶದ ಊಟವೆನಿಸಿದ್ದಾದರೋ ಬಹಳ ಈಚೆಗೆ. 1914ರಲ್ಲಿ ಹುಟ್ಟಿದ ಸ್ವಿಸ್ ಚೀಸ್ ಒಕ್ಕೂಟವು 1930ರ ದಶಕದಲ್ಲಿ, ಚೀಸಿನ ಮಾರಾಟ ಹೆಚ್ಚಲೆಂದು, ಫಾಂಡ್ಯೂವನ್ನು ರಾಷ್ಟ್ರದ ಊಟವೆಂದು ಸಾರತೊಡಗಿತು. ಮುಂದೆ ಅದು ಸೈನಿಕರ ಅಡಿಗೆಗೂ ಸೇರಿತು. 1964ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಸ್ವಿಸ್ ಮಂಟಪದ ಆಕರ್ಷಣೆಯಾಯಿತು. ಒಕ್ಕೂಟ 1999ರಲ್ಲಿ ಕಣ್ಮುಚ್ಚಿತು, ಊಟ ಉಳಿಯಿತು. ಪರಂಪರೆಯೆಂದು ನಾವು ಕರೆಯುವುದರಲ್ಲಿ ವ್ಯಾಪಾರದ ಪಾಲೂ ಇರುತ್ತದೆ. ಆದರೆ ಅದರಿಂದಲೇ ಅದು ಸುಳ್ಳಾಗುವುದಿಲ್ಲ. ನಮ್ಮ ಬ್ಯಾಡಗಿಯ ಮೆಣಸಿನಕಾಯಿಯನ್ನೇ ನೋಡಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆದರೆ ಮೆಣಸಿನಕಾಯಿ ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದಿಂದ ಬಂದ ಅತಿಥಿ. ರಾಕ್ಲೆಟ್ಟಿನ ಆಲೂಗಡ್ಡೆಯೂ ಅಲ್ಲಿಯದೇ. ಅತಿಥಿಗಳು ಮನೆಯವರಾಗಿದ್ದಾರೆ, ಅಷ್ಟೆ.

ಬೆಟ್ಟದ ಊಟ ನಗರದಲ್ಲಿ ಏಕೆ ಇಷ್ಟವಾಗುತ್ತದೆ ಎಂಬುದನ್ನು ತಿಳಿಯಲು ಒಂದು ಮಕ್ಕಳ ಕಾದಂಬರಿ ನೆರವಾಗುತ್ತದೆ. ಸ್ವಿಸ್ ಲೇಖಕಿ ಯೊಹಾನಾ ಸ್ಪಿರಿಯ ‘ಹೈಡಿ’ ಬೆಳಕು ಕಂಡದ್ದು 1880ರ ಸುಮಾರಿಗೆ. ಬೆಟ್ಟದ ಗುಡಿಸಲಿನಲ್ಲಿ ಅಜ್ಜ ಚೀಸಿನ ತುಂಡನ್ನು ಕಬ್ಬಿಣದ ಕವಲಿಗೆ ಚುಚ್ಚಿ ಬೆಂಕಿಗೆ ಹಿಡಿದು ಮೊಮ್ಮಗಳಿಗೆ ಉಣಿಸುತ್ತಾನೆ. ಮುಂದೆ ಹುಡುಗಿಯನ್ನು ಫ್ರಾಂಕ್‌ಫರ್ಟ್ ನಗರದ ಸಿರಿವಂತರ ಮನೆಗೆ ಒಯ್ಯುತ್ತಾರೆ. ಅಲ್ಲಿ ಮೆತ್ತನೆಯ ಬಿಳಿಯ ಬ್ರೆಡ್ಡು ದಿನವೂ ಸಿಗುತ್ತದೆ. ಅವಳು ಅದನ್ನು ತಿನ್ನದೆ ಬಚ್ಚಿಡುತ್ತಾಳೆ: ಊರಿನಲ್ಲಿ ನೆರೆಮನೆಯ ಕುರುಡಿ ಅಜ್ಜಿಗೆ ಗಟ್ಟಿ ಬ್ರೆಡ್ಡನ್ನು ಅಗಿಯಲಾಗದೆಂದು. ಕೊನೆಗೆ ಮನೆಯ ಹಂಬಲದಿಂದ ನಿದ್ರೆಯಲ್ಲಿ ನಡೆಯತೊಡಗುತ್ತಾಳೆ; ವೈದ್ಯರು ಕೊಡುವ ಔಷಧಿ ಒಂದೇ, ಬೆಟ್ಟಕ್ಕೆ ಮರಳಿ ಕಳಿಸುವುದು. ನಗರದ ಮೇಜಿನ ಮೇಲೆ ಕುದಿಯುವ ಆ ಪಾತ್ರೆಯು ಹಿಂದಿರುಗಲಾಗದವರು ತರಿಸಿಕೊಂಡ ಔಷಧಿ ಎಂದು ನನಗೆ ತೋರುತ್ತದೆ. ಜಿನೀವಾ ನಗರದ ಸರೋವರದ ದಂಡೆಯ ಪಾಕಿ ಸ್ನಾನಘಟ್ಟದಲ್ಲಿ ಚಳಿಗಾಲದ ಜನ ಭುಜಕ್ಕೆ ಭುಜ ತಾಗಿಸಿ ಕುಳಿತು ಫಾಂಡ್ಯೂ ತಿನ್ನುತ್ತಾರೆ. ನಮ್ಮ ಬೆಂಗಳೂರಿನಲ್ಲಿಯೂ ಇಂದು ದೊಡ್ಡ ಹೋಟೆಲುಗಳಲ್ಲಿ ಅದು ದೊರೆಯುವುದುಂಟು. ಬೆನೆಡಿಕ್ಟೈನ್ ಪಂಥದ ಸಂನ್ಯಾಸಿಗಳು ಅಲ್ಲಿ ಇಟಲಿಯ ಬಗೆಯ ಚೀಸುಗಳ ತಯಾರಿಕೆಯನ್ನೂ ಆರಂಭಿಸಿದರು. ಬೆಂಗಳೂರಿನ ಡಿಸೆಂಬರಿನ ರಾತ್ರಿ ಹದಿನೈದು ಹದಿನಾರು ಡಿಗ್ರಿಗಿಂತ ಬಹಳ ಕೆಳಗಿಳಿಯುವುದು ಅಪರೂಪ. ಆ ಬೆಚ್ಚನೆಯ ಪಾತ್ರೆಯ ಅಗತ್ಯ ಮೈಯ ಚಳಿಗಿಂತ ಒಂಟಿತನದ ಚಳಿಗೆ ಹೆಚ್ಚು.

ಅದೇ ಬೆಂಗಳೂರಿಗೆ ನಮ್ಮ ಹೆದ್ದಾರಿಯೂ ಹೋಗುತ್ತದೆ. ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರುಗಳ ಮಕ್ಕಳು ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದಾಟಿ ದುಡಿಯಲು ಹೋಗುತ್ತಾರೆ. ಅವರೂ ಖಾನಾವಳಿಯಲ್ಲಿ ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಒಂದು ಕ್ಷಣ ಊರಲ್ಲಿರುತ್ತಾರೆ. ಆದರೆ ಖಾನಾವಳಿಗೆ ಎಂದೂ ಬಾರದ ಊಟವೊಂದಿದೆ. ಅದು ಸೀತನಿ.

ಹಿಂಗಾರಿ ಜೋಳ ಹಾಲುಗಾಳಾದಾಗ, ಡಿಸೆಂಬರು ಜನವರಿಯ ಚಳಿಯಲ್ಲಿ, ಹೊಲದಲ್ಲಿಯೇ ಕುಣಿ ತೋಡಿ, ಕುಳ್ಳು ಉರಿಸಿ ಕೆಂಡ ಮಾಡುತ್ತಾರೆ. ತೆನೆಗಳನ್ನು ಬಿಸಿ ಬೂದಿಯಲ್ಲಿ ಹುಗಿದು, ಸುಟ್ಟ ಮೇಲೆ ತೆಗೆದು, ಕಂಬಳಿಯ ಮೇಲೆ ಬಡಿದು ತಿಕ್ಕಿ ತೂರಿದರೆ ಹಸಿರು ಮುತ್ತಿನಂಥ ಕಾಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಬೆಲ್ಲ, ಕೊಬ್ಬರಿ ಜೊತೆಗಿರಬೇಕು. ‘ಸೀ’ ಎಂದರೆ ಸಿಹಿ. ಕಾಳಿನ ಸಕ್ಕರೆ ಇನ್ನೂ ಪೂರ್ತಿ ಹಿಟ್ಟಾಗಿರದ ಕೆಲವೇ ದಿನಗಳ ಸಿಹಿ ಅದು. ಬಿಸಿಯಿರುವಾಗಲೇ ತಿನ್ನಬೇಕು, ಆರಿದರೆ ಗಡುಸು. ಕರಗಿದ ಚೀಸಿನ ನಿಯಮವೂ ಅದೇ. ಆದ್ದರಿಂದ ಎರಡೂ ಊಟಗಳು ಜನರನ್ನು ಬೆಂಕಿಯ ಹತ್ತಿರ ಕೂಡಿಸುತ್ತವೆ. ಕಟ್ಟಿಕೊಂಡು ಹೋಗಿ ಒಬ್ಬನೇ ತಿನ್ನಗೊಡುವುದಿಲ್ಲ.

ಆದರೆ ಕೂಡಿಸುವುದು ಯಾರನ್ನು? ಫಾಂಡ್ಯೂವಿನ ಮೇಜಿನಲ್ಲಿ ಎಲ್ಲರ ಕೈಯೂ ಒಂದೇ ಪಾತ್ರೆಗೆ. ಎಂಜಲೆಂಬ ಭಾವನೆ ಬೇರೂರಿದ ನಮಗೆ ಅದು ಒಗ್ಗದು. ಎಂಜಲಿನ ಮಾತು ಶುಚಿತ್ವದ್ದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದರ ಹಿಂದೆ ಪಂಕ್ತಿಭೇದದ ದೀರ್ಘ ನೆರಳಿದೆ. ಹೊಲದಲ್ಲಿ ತೆನೆ ಸುಟ್ಟವನು ಒಬ್ಬ, ಕಂಬಳಿಯ ಮೇಲೆ ಕುಳಿತು ತಿಂದವನು ಇನ್ನೊಬ್ಬ, ದೂರ ನಿಂತು ಸೆರಗೊಡ್ಡಿದವಳು ಮತ್ತೊಬ್ಬಳು ಎಂಬ ಕಾಲವಿತ್ತು. ಅದು ಪೂರಾ ಹೋಯಿತೆಂದು ಎದೆಮುಟ್ಟಿ ಹೇಳಲಾರೆವು. ರಾಗಿಯನ್ನು ಶೂದ್ರಾನ್ನವೆಂದು ಹಳಿದ ಭತ್ತದ ಬಾಯಲ್ಲಿ ಕನಕದಾಸರು ನುಡಿಸಿದ್ದು ಈ ಹಮ್ಮನ್ನೇ.

ಮೋಟೆಬೆನ್ನೂರಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಈ ಊರಿನ ಮೈಲಾರ ಮಹಾದೇವಪ್ಪನವರು, ಇನ್ನೂ ಇಪ್ಪತ್ತು ತುಂಬದ ತರುಣ, 1930ರಲ್ಲಿ ಗಾಂಧೀಜಿಯವರೊಡನೆ ದಂಡಿಗೆ ನಡೆದರು. ಅಸ್ಪೃಶ್ಯತೆಯನ್ನು ಒಪ್ಪದ ಆಶ್ರಮದಲ್ಲಿ ಬೇರೆ ಬೇರೆ ಪ್ರಾಂತ, ಜಾತಿಗಳವರ ಜೊತೆಗೆ ಕುಳಿತು ಸಾದಾ ಊಟವನ್ನು ಉಂಡವರು ಅವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದ ಆ ವೀರನನ್ನು ನಾವು ನೆನೆಯುವಾಗ ಉಪ್ಪಿನ ಮಾತನ್ನಾಡುತ್ತೇವೆ. ಆ ಉಪ್ಪು ಬಿದ್ದ ಸಮಪಂಕ್ತಿಯ ಊಟವನ್ನು ಮರೆಯುತ್ತೇವೆ.

ಈಚಿನ ವರ್ಷಗಳಲ್ಲಿ ನಮ್ಮ ಜಿಲ್ಲೆಯ ಹೊಲಗಳಲ್ಲಿ ಜೋಳದ ಜಾಗವನ್ನು ಗೋವಿನಜೋಳವೂ ಹತ್ತಿಯೂ ಆಕ್ರಮಿಸಿವೆ. ಸೀತನಿಯ ಕುಣಿಗಳು ವಿರಳವಾಗುತ್ತಿವೆ. ನಾಳೆ ಅದೂ ಯಾವುದೋ ನಗರದಲ್ಲಿ ಬೆಲೆಕಟ್ಟಿದ ಸಂಜೆಯ ಮೋಜಾಗಬಹುದು. ಹಾಗಾದರೂ ಆಗಲಿ, ಊಟ ಉಳಿಯುವುದು ಒಳ್ಳೆಯದೇ. ಫಾಂಡ್ಯೂ ಉಳಿದದ್ದೂ ಹಾಗೆಯೇ ಅಲ್ಲವೆ? ಆದರೆ ಅದಕ್ಕೆ ಮುನ್ನ, ಈ ಚಳಿಗಾಲದಲ್ಲಿ ನಿಮ್ಮ ಕಡೆ ಒಂದು ಮಡಿ ಜೋಳ ಹಾಲುಗಾಳಾಗಿದ್ದರೆ ಕೆಂಡ ಮಾಡಿರಿ. ಹೆದ್ದಾರಿ ಹಿಡಿದು ಹೋದ ಮಕ್ಕಳಿಗೆ ಹೇಳಿಕಳಿಸಿರಿ. ತೆನೆ ಕೊಯ್ದವರನ್ನೂ, ಕುಳ್ಳು ತಟ್ಟಿದವರನ್ನೂ ಕಂಬಳಿಯ ಮೇಲೆಯೇ ಕೂಡಿಸಿರಿ. ಕಾಳು ಆರುವುದರೊಳಗೆ ಎಲ್ಲರ ಕೈಯೂ ಒಂದೇ ರಾಶಿಗೆ ಬರಲಿ.