ಹಳೆ ಲಾರಿಗೆ ಹೌಸಿಂಗ್ ಕೊಳ್ಳುವ ಮುನ್ನ ಬ್ರೇಕ್ ನೋಡಿ

ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸುರಪುರ, ಶಹಾಪುರ ಸೀಮೆಯಲ್ಲಿ ಬೆಳೆಯ ಜೊತೆಗೆ ಲಾರಿಗಳ ಹೊರೆಯೂ ಬದಲಾಯಿತು. ಹತ್ತಿ ಜಾಗ ತಿನ್ನುತ್ತದೆ, ಭತ್ತ ತೂಕ ಹಾಕುತ್ತದೆ. ಬೋನಾಳದಂಥ ಊರುಗಳಿಂದ ಸುಗ್ಗಿಯಲ್ಲಿ ಭತ್ತ ಹೊರುವ ಹಳೆಯ ಗಾಡಿಯ ಹಿಂದಿನ ಆಕ್ಸಲ್ಲಿನ ಹೌಸಿಂಗ್ ಬಾಗುವುದು, ಅದರೊಳಗಿನ ಕ್ರೌನ್-ಪಿನಿಯನ್ ಗೇರುಗಳ ಹಲ್ಲು ಸವೆದು ಕೂಗುವುದು ಅಪರೂಪವೇನಲ್ಲ. ಹೊಸದಕ್ಕೆ ದುಡ್ಡು ಸಾಲದೆ ಮಾಲೀಕರು ಗುಜರಿಗೆ ಹೋಗುತ್ತಾರೆ. ಅಲ್ಲಿ ಕೇಳುವ ಮೊದಲ ಮಾತು, ‘ಗಟ್ಟಿ ಹೌಸಿಂಗ್ ಐತೇನ್ರಿ?’ ಅದಕ್ಕಿಂತ ಮೊದಲು ಕೇಳಬೇಕಾದದ್ದು, ಅದರ ಜೊತೆ ಬರುವ ಬ್ರೇಕ್ ಯಾವ ಅಳತೆಯದು, ತಮ್ಮ ಗಾಡಿಯ ಮುಂದಿನ ಬ್ರೇಕಿಗೆ ಅದು ಹೊಂದುತ್ತದೆಯೇ ಎಂಬುದನ್ನು.

ಲಾರಿ ನಿಲ್ಲುವಾಗ ಅದರ ಓಟದ ಶಕ್ತಿಯೆಲ್ಲ ಹೆಚ್ಚುಕಡಿಮೆ ಡ್ರಮ್ಮಿನಲ್ಲೇ ಕಾವಾಗಿ ಹೋಗಬೇಕು. ತೂಕ ಎರಡು ಪಟ್ಟಾದರೆ ಕಾವೂ ಎರಡು ಪಟ್ಟು. ವೇಗ ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. ಕಾದ ಡ್ರಮ್ ಹಿಗ್ಗಿ ಲೈನರ್‌ನಿಂದ ದೂರ ಸರಿಯುತ್ತದೆ, ಲೈನರ್‌ನ ಹಿಡಿತವೂ ಸಡಿಲುತ್ತದೆ. ಲೇತ್‌ಗೆ ಕೊಟ್ಟು ಮತ್ತೆ ಮತ್ತೆ ಕಡೆಸಿದ ಡ್ರಮ್ ತೆಳುವಾಗಿರುವುದರಿಂದ ಇನ್ನೂ ಬೇಗ ಕಾಯುತ್ತದೆ. ಗೇರಿನ ರೇಷಿಯೋಗೂ ಬ್ರೇಕಿಗೂ ನಂಟಿದೆ ಎಂಬುದನ್ನು ಹಲವರು ಮರೆಯುತ್ತಾರೆ. ಕ್ರೌನ್‌ನಲ್ಲಿ 41, ಪಿನಿಯನ್‌ನಲ್ಲಿ 6 ಹಲ್ಲಿದ್ದರೆ ರೇಷಿಯೋ 6.83, ಪಿನಿಯನ್‌ಗೆ 7 ಹಲ್ಲಿದ್ದರೆ 5.86. ಎರಡನೆಯದನ್ನು ಹಾಕಿದರೆ ಅದೇ ಎಂಜಿನ್ ಸುತ್ತಿಗೆ ಆರನೇ ಒಂದು ಪಾಲು ವೇಗ ಹೆಚ್ಚುತ್ತದೆ, ಏಳನೇ ಒಂದು ಪಾಲು ಎಳೆತ ಕಡಿಮೆಯಾಗುತ್ತದೆ. ಡೀಸೆಲ್ ಉಳಿಯುತ್ತದೆಂದು ಆಸೆಪಡುವವರಿದ್ದಾರೆ. ಆದರೆ ಇಳಿಜಾರಿನಲ್ಲಿ ಎಂಜಿನ್ ಹಿಡಿದು ನಿಲ್ಲಿಸುವ ಬಲವೂ ಅಷ್ಟೇ ತಗ್ಗಿ, ಆ ಕೆಲಸವೆಲ್ಲ ಡ್ರಮ್ಮಿನ ತಲೆಗೆ ಬರುತ್ತದೆ. ಸುರಪುರದ ಗುಡ್ಡದ ದಾರಿಯಲ್ಲಿ ಭತ್ತ ತುಂಬಿ ಇಳಿಯುವ ಗಾಡಿಗೆ ಇದು ಲಾಭದ ಬಾಬತ್ತಲ್ಲ.

ದೊಡ್ಡ ಗಾಡಿಯ ಆಕ್ಸಲ್, ದೊಡ್ಡ ಬ್ರೇಕ್ ಹಾಕಿದರೆ ಇನ್ನೂ ಒಳ್ಳೆಯದಲ್ಲವೇ ಎಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಅಂಥ ಡ್ರಮ್ ಕಾವನ್ನು ಚೆನ್ನಾಗಿ ತಾಳುತ್ತದೆ. ತೊಂದರೆ ಇರುವುದು ಹೊಂದಾಣಿಕೆಯಲ್ಲಿ. ಗಾಳಿ ಬ್ರೇಕಿನ ಚೇಂಬರ್ 24 ಚದರ ಇಂಚಿನದು ಹೋಗಿ 30ರದು ಬಂದರೆ, ಅದೇ ಗಾಳಿಯೊತ್ತಡಕ್ಕೆ ತಳ್ಳುವ ಬಲ ಕಾಲು ಭಾಗ ಹೆಚ್ಚುತ್ತದೆ. ಖಾಲಿ ಗಾಡಿ ಮಳೆಯಲ್ಲಿ ಬರುವಾಗ ಹಿಂದಿನ ಗಾಲಿಗಳು ಮೊದಲೇ ಕಚ್ಚಿಕೊಂಡು ಬಾಲ ತಿರುಗಿಬಿಡುತ್ತದೆ. ಆಕ್ಸಲ್ ದಪ್ಪವಾದ ಮಾತ್ರಕ್ಕೆ ಪಾಟಾ, ಚಾಸಿ, ಟೈರುಗಳ ಶಕ್ತಿ ಹೆಚ್ಚುವುದೂ ಇಲ್ಲ. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನಾಲ್ಕು ಟೈರಿನ ಒಂಟಿ ಆಕ್ಸಲ್ಲಿನ ಮಿತಿಯನ್ನು 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿದ್ದು ನಿಜ. ಹಾಗೆಂದು ಗುಜರಿಯ ಆಕ್ಸಲ್ ಕೂರಿಸಿದ ಹಳೆ ಗಾಡಿಯ ಆರ್‌.ಸಿ. ಪುಸ್ತಕದಲ್ಲಿನ ತೂಕ ತಾನಾಗಿ ಬದಲಾಗುವುದಿಲ್ಲ. ನೋಂದಣಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಮೇಲಾಗಿ, ಎಂಟು ವರ್ಷ ದಾಟಿದ ಸರಕು ಗಾಡಿಗೆ ಯೋಗ್ಯತಾ ಪತ್ರ, ಅಂದರೆ ಎಫ್‌.ಸಿ. ವರ್ಷವರ್ಷವೂ ಆಗಬೇಕು.

ಇಲ್ಲೇ ಮಾರುಕಟ್ಟೆಯವರೆಗೆ ನಿಧಾನವಾಗಿ ಹೋಗಿಬರುವ ಗಾಡಿಗೆ ಇಷ್ಟೆಲ್ಲ ಯಾಕೆ ಎನ್ನುವವರಿಗೆ ಒಂದೇ ಮಾತು: ಲಿಂಗಸುಗೂರು–ಜೇವರ್ಗಿ ಹೆದ್ದಾರಿಗೆ ಹತ್ತಿದ ಮೇಲೆ ಎದುರಿನ ಬಸ್ಸಿಗೆ ನಿಮ್ಮ ಊರು ಹತ್ತಿರವೋ ದೂರವೋ ಗೊತ್ತಿರುವುದಿಲ್ಲ. ಆದ್ದರಿಂದ ಅದೇ ಮಾದರಿಯ, ಅದೇ ರೇಷಿಯೋದ ಆಕ್ಸಲ್ಲನ್ನು ಎರಡೂ ಕಡೆಯ ಡ್ರಮ್, ಶೂ, ಸ್ಲ್ಯಾಕ್ ಅಡ್ಜಸ್ಟರ್, ಚೇಂಬರ್ ಸಮೇತ ಇಡಿಯಾಗಿ ಕೊಳ್ಳುವುದು ಲೇಸು. ಬಿಡಿ ಬಿಡಿಯಾಗಿ ತಂದರೆ ಅಗ್ಗವೆನಿಸುತ್ತದೆ, ಆದರೆ ಎಡಬಲದ ಸ್ಲ್ಯಾಕ್ ಅಡ್ಜಸ್ಟರ್ ತೋಳುಗಳ ಉದ್ದ ಬೇರೆಯಾದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಕೊಳ್ಳುವಾಗ ಡ್ರಮ್ ಬಿಚ್ಚಿಸಿ ಒಳಗೆ ಬೆರಳಾಡಿಸಿ ನೋಡಬೇಕು. ಕೂದಲೆಳೆಯಂಥ ಗೆರೆಗಳು ಕಾವಿನ ಗುರುತು. ಅಂಚಿನವರೆಗೆ ಸೀಳಿದ್ದರೆ ಆ ಡ್ರಮ್ ಬೇಡ. ಲೈನರ್ ಮೇಲೆ ಎಣ್ಣೆ ಮಿನುಗಿದರೆ ಹಬ್ಬಿನ ಸೀಲ್ ಹೋಗಿದೆ. ಗೇರ್ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸುರಿದಾಗ ಕಬ್ಬಿಣದ ಚೂರು ಕಂಡರೆ, ಮಾರುವವನು ಎಷ್ಟು ಬಿಟ್ಟುಕೊಟ್ಟರೂ ಆ ಹೌಸಿಂಗ್ ಅಲ್ಲೇ ಇರಲಿ.