ಸರಾಸರಿ ಹೇಳದ ಅಯಾನಿನ ಏಟು

ಸೊರಬದ ಭತ್ತದ ಗದ್ದೆಗೂ ಶಿಕಾರಿಪುರದ ಮೆಕ್ಕೆಜೋಳದ ಹೊಲಕ್ಕೂ ನಡುವಣ ಸೀಮೆಯಲ್ಲಿ ಬೆಳೆದವನು ನಾನು. ಮಲೆನಾಡಿನ ಸೆರಗಿನಲ್ಲಿ ಧಾರಾಳವಾಗಿ ಸುರಿಯುವ ಮಳೆ ಶಿಕಾರಿಪುರದ ಕಡೆಗೆ ಬರುವ ಹೊತ್ತಿಗೆ ಕೈ ಬಿಗಿಹಿಡಿಯುತ್ತದೆ. ತಾಲ್ಲೂಕಿನ ಸರಾಸರಿ ಮಳೆ ಇಷ್ಟು ಮಿಲಿಮೀಟರ್ ಎಂಬ ಲೆಕ್ಕ ಸುಳ್ಳಲ್ಲ. ಆದರೆ ಒಂದು ತಾಸಿನ ಬಿರುಮಳೆಗೆ ಯಾರ ಗದ್ದೆಯ ಬದು ಒಡೆಯಿತೆಂಬುದನ್ನು ಅದು ಹೇಳುವುದಿಲ್ಲ.

ಈ ಮಾತು ನೆನಪಾದದ್ದು, ಚಿಕ್ಕಪ್ಪನೊಡನೆ ಬೆಂಗಳೂರಿನ ಆಸ್ಪತ್ರೆಯೊಂದರ ವಿಕಿರಣ ವಿಭಾಗದೆದುರು ಕುಳಿತಿದ್ದಾಗ. ಚೀಟಿಯಲ್ಲಿ 'ದಿನಕ್ಕೆ 2 ಗ್ರೇ' ಎಂದಿತ್ತು. 'ಹಾಗಂದ್ರೆ ಎಷ್ಟೋ ತಮ್ಮಾ?' ಎಂದರು. ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿದರೆ ಒಂದು ಗ್ರೇ ಎಂದೆ. 'ಅದು ಸರಾಸರಿ ಆಯ್ತು. ಬೀಳೋದು ಎಲ್ಲಿಗೆ?' ಎಂದು ಮರುಪ್ರಶ್ನೆ ಹಾಕಿದರು.

ಅದು ರೈತನ ಪ್ರಶ್ನೆ. ಭೌತವಿಜ್ಞಾನದ ಪ್ರಶ್ನೆಯೂ ಹೌದು. ಚಿಕ್ಕಪ್ಪನಿಗೆ ಕೊಟ್ಟದ್ದು ಕ್ಷ-ಕಿರಣ. ಅದು ಜಿಟಿಜಿಟಿ ಮಳೆಯಂತೆ ಎಲ್ಲ ಕೋಶಗಳ ಮೇಲೂ ಹರಡಿ ಬೀಳುವುದರಿಂದ ಸರಾಸರಿಯನ್ನು ನಂಬಬಹುದು. ಪ್ರೋಟಾನ್, ಕಾರ್ಬನ್‌ಗಳಂತಹ ಅಯಾನುಗಳ ರೀತಿಯೇ ಬೇರೆ. ಅವು ತಮ್ಮ ಶಕ್ತಿಯ ಬಹುಪಾಲನ್ನು ದಾರಿಯ ಕೊನೆಯಲ್ಲಿ ಒಮ್ಮೆಲೇ ಸುರಿಯುತ್ತವೆ. ಗೆಡ್ಡೆಯನ್ನು ಹೊಡೆದು ಹಿಂದಿನ ಅಂಗವನ್ನು ಉಳಿಸುವ ಶಕ್ತಿ ಬಂದದ್ದು ಇದರಿಂದಲೇ. ಆದರೆ ಗ್ರೇ ಒಂದೇ ಆದರೂ ಕೋಶಕ್ಕಾಗುವ ಹಾನಿ ಒಂದೇ ಅಲ್ಲ. ಪ್ರೋಟಾನಿನ ಪರಿಣಾಮ ಕ್ಷ-ಕಿರಣದ 1.1 ಪಟ್ಟು ಎಂದು ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಹಿಡಿಯುತ್ತಾರೆ. ದಾರಿಯ ತುದಿಯಲ್ಲಿ ಅದು ಇನ್ನೂ ಹೆಚ್ಚಿರುತ್ತದೆ. ಆ ತುದಿ ಮಿದುಳಬುಡಕ್ಕೋ ಬೆನ್ನುಹುರಿಗೋ ತಾಗುವಂತಿದ್ದರೆ ಈ ವ್ಯತ್ಯಾಸ ಕೇವಲ ಅಂಕಿಯ ಮಾತಾಗಿ ಉಳಿಯದು.

ಕೋಶದಷ್ಟು ಜಾಗದಲ್ಲಿ ಒಂದೊಂದು ಅಯಾನೂ ಎಷ್ಟು ಶಕ್ತಿ ಬಿಟ್ಟಿತೆಂದು ಅಳೆಯಬೇಕೆಂಬ ವಿಚಾರಕ್ಕೆ 1950ರ ದಶಕದಲ್ಲಿ ಅಮೆರಿಕದ ಹೆರಾಲ್ಡ್ ರೋಸಿ ತಳಹದಿ ಹಾಕಿದರು. ಅವರ ಸಾಧನ ತೆಳು ಅನಿಲ ತುಂಬಿದ ಗೋಳ. ಹರಿತವಾದ ಕಿರಣಪುಂಜದೊಳಗೆ ಇಡಲು ಅದು ದೊಡ್ಡದು. ಆ ಕೊರತೆಯನ್ನು ಸಿಲಿಕಾನ್ ತುಂಬಿತು. ಆಸ್ಟ್ರೇಲಿಯಾದ ವೊಲಾಂಗಾಂಗ್ ವಿಶ್ವವಿದ್ಯಾಲಯದಲ್ಲಿ ಅನತೊಲಿ ರೋಸೆನ್‌ಫೆಲ್ಡ್ ಅವರ ತಂಡ ಸುಮಾರು 10 ಮೈಕ್ರೋಮೀಟರ್ ಅಳತೆಯ, ಎಂದರೆ ಕೋಶದಷ್ಟೇ ಗಾತ್ರದ, ಸಂವೇದಕಗಳನ್ನು ರೂಪಿಸಿದೆ. ಅಯಾನು ಹಾಯ್ದಾಗ ಪ್ರತಿ 3.6 ಎಲೆಕ್ಟ್ರಾನ್-ವೋಲ್ಟಿಗೆ ಒಂದು ಜೋಡಿ ವಿದ್ಯುದಂಶ ಹುಟ್ಟುತ್ತದೆ. ಅವನ್ನು ಒಟ್ಟುಗೂಡಿಸಿ ಎಣಿಸಿದರೆ ಆ ಒಂದು ಏಟಿನ ತೂಕ ತಿಳಿಯುತ್ತದೆ. ಮಿತಿಗಳೂ ಉಂಟು: ಸಿಲಿಕಾನ್ ಮಾಂಸವಲ್ಲ, ಲೆಕ್ಕವನ್ನು ಅಂಗಾಂಶಕ್ಕೆ ಹೊಂದಿಸಿಕೊಳ್ಳಬೇಕು, ವಿಕಿರಣದಿಂದ ಅದೂ ಸವೆಯುತ್ತದೆ.

ಪ್ರೋಟಾನ್ ಚಿಕಿತ್ಸೆ ಚೆನ್ನೈಗೆ 2019ರಲ್ಲೇ ಬಂದಿದೆ. ಇತ್ತ ಜಿನೀವಾದ ಸಿಎಂಎಸ್ ಪ್ರಯೋಗಕ್ಕಾಗಿ ಭಾಭಾ ಅಣುಸಂಶೋಧನಾ ಕೇಂದ್ರದೊಡನೆ ಸೇರಿ ಸಿಲಿಕಾನ್ ಪಟ್ಟಿಯ ಸಂವೇದಕಗಳನ್ನು ತಯಾರಿಸಿಕೊಟ್ಟದ್ದು ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್. ಮೂಲಕಣಗಳ ಶೋಧಕ್ಕೆ ದುಡಿದ ಈ ಕೈಗಾರಿಕೆ ರೋಗಿಯ ಕೋಶಕ್ಕೂ ದುಡಿಯಬಾರದೇಕೆ? ಕುವೆಂಪು ವಿಶ್ವವಿದ್ಯಾಲಯದಂತಹ ನಮ್ಮ ಸೀಮೆಯ ವಿದ್ಯಾಸಂಸ್ಥೆಗಳು ಇದರಲ್ಲಿ ಕೈಜೋಡಿಸಬಾರದೇಕೆ? ಹೊಲ ಅಡವಿಟ್ಟು ಊರೂರು ಅಲೆಯುವ ರೋಗಿಗೆ ಯಂತ್ರವೊಂದಿದ್ದರೆ ಸಾಲದು, ಅದರ ಏಟು ಎಲ್ಲಿ ಬೀಳುತ್ತದೆಂಬ ಖಾತರಿಯೂ ಬೇಕು. ಚಿಕ್ಕಪ್ಪ ಕೇಳಿದ್ದು ಅಷ್ಟನ್ನೇ.