ಪೆನ್ಸಿಲ್ಲಿನ ಕಡ್ಡಿಯೂ ಕೆರೆಯ ತೂಬೂ

ಹಾನಗಲ್ಲಿನ ನಮ್ಮ ಮನೆಗೆ ಮೊನ್ನೆ ಬಿ.ಎಸ್ಸಿ. ವಿದ್ಯಾರ್ಥಿನಿಯೊಬ್ಬಳು ಬಂದಿದ್ದಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಓದಲು ಬೆಂಗಳೂರಿಗೆ ಹೋಗಬೇಕೆಂಬುದು ಅವಳ ಆಸೆ. ಆದರೆ ಶಿಗ್ಗಾಂವಿಯ ಅಜ್ಜ ಒಪ್ಪಬೇಕು. “ಗ್ರಾಫೀನಿಗೆ ಬ್ಯಾಂಡ್ ಗ್ಯಾಪ್ ಇಲ್ಲಂತ ಬಾಯಿಪಾಠ ಮಾಡೇನ್ರಿ ಸರ್. ಹಂಗಂದ್ರೇನಂತ ಅಜ್ಜಗ ಹೇಳಾಕ ಬರವಲ್ದು” ಎಂದಳು. ಕನ್ನಡ ಕಲಿಸುವ ನನಗೆ ಆ ಮಾತು ನಾಟಿತು. ಇಬ್ಬರೂ ಕುಳಿತು ಮಾತು ಹುಡುಕಿದೆವು.

ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟು, ಸವಣೂರಿನ ವೀಳ್ಯದೆಲೆಯ ಕಟ್ಟಿನಂತೆ ಪದರದ ಮೇಲೆ ಪದರವಾಗಿ ಕುಳಿತ ಇಂಗಾಲ. ಒಂದು ಮಿಲಿಮೀಟರು ದಪ್ಪದಲ್ಲಿ ಸುಮಾರು 30 ಲಕ್ಷ ಪದರಗಳುಂಟು. ಒಂದೇ ಪರಮಾಣುವಿನಷ್ಟು ದಪ್ಪದ ಒಂಟಿ ಪದರವೇ ಗ್ರಾಫೀನು. 2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್ ಅದನ್ನು ಅಂಟುಪಟ್ಟಿಯಿಂದ ಕಿತ್ತು ಬೇರ್ಪಡಿಸಿದರು. 2010ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

1947ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ವಿದ್ಯುತ್ತಿನ ತೂಬು. ತೆರೆದರೆ ಒಂದು, ಮುಚ್ಚಿದರೆ ಸೊನ್ನೆ. ಗಣಕಯಂತ್ರದ ಲೆಕ್ಕವೆಲ್ಲ ಇಷ್ಟೆ. ಸಿಲಿಕಾನಿನಲ್ಲಿ ಎಲೆಕ್ಟ್ರಾನುಗಳು ಹರಿಯಲು ಶಕ್ತಿಯ ಒಂದು ಅಂತರವನ್ನು ದಾಟಬೇಕು. ಅದೇ ಬ್ಯಾಂಡ್ ಗ್ಯಾಪ್. ತೂಬು ಬಿಗಿಯಾಗಿ ಮುಚ್ಚುವುದು ಅದರಿಂದಲೇ. ಗ್ರಾಫೀನಿನಲ್ಲಿ ಆ ಅಂತರವಿಲ್ಲ. ಎಲೆಕ್ಟ್ರಾನುಗಳು ಸಿಲಿಕಾನಿಗಿಂತ ಎಷ್ಟೋ ಸಲೀಸಾಗಿ ಓಡುತ್ತವೆ, ನಿಲ್ಲೆಂದರೆ ನಿಲ್ಲವು. ತೂಬು ಮುಚ್ಚದಿದ್ದರೆ ಕೆರೆಯ ಗತಿಯೇನೆಂಬುದನ್ನು ಹಿರೇಕೆರೂರು ಸೀಮೆಯ ಮದಗ-ಮಾಸೂರು ಕೆರೆಯ ಕೆಳಗಿನ ರೈತರು ಬಲ್ಲರು.

2024ರಲ್ಲಿ ಅಮೆರಿಕೆಯ ಜಾರ್ಜಿಯಾ ಟೆಕ್‌ನ ವಾಲ್ಟ್ ಡಿ ಹೀರ್, ಚೀನದ ಟಿಯಾಂಜಿನ್ ವಿಶ್ವವಿದ್ಯಾಲಯದ ಸಂಗಡಿಗರೊಡನೆ ಸಿಲಿಕಾನ್ ಕಾರ್ಬೈಡಿನ ಮೇಲೆ ಗ್ರಾಫೀನನ್ನು ಬೆಳೆಸಿ, ಅದರಲ್ಲಿ 0.6 ಎಲೆಕ್ಟ್ರಾನ್ ವೋಲ್ಟಿನ ಅಂತರವನ್ನು ಪಡೆದ ವಾರ್ತೆ ಬಂದಿತು. ತೂಬು ಮುಚ್ಚುವ ಆಸೆ ಚಿಗುರಿತು.

ಆದರೆ ಮುಚ್ಚದಿರುವುದೇ ಮತ್ತೊಂದು ಕಡೆ ಗುಣವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅರಿಂದಮ್ ಘೋಷ್ ಮತ್ತು ಸಂಗಡಿಗರು, ಜಪಾನಿನ ವಿಜ್ಞಾನಿಗಳ ನೆರವಿನಿಂದ, ಅತಿಶುದ್ಧ ಗ್ರಾಫೀನಿನಲ್ಲಿ ಎಲೆಕ್ಟ್ರಾನುಗಳು ಬಿಡಿಬಿಡಿಯಾಗಿರದೆ ನೀರಿನಂತೆ ಒಟ್ಟಾಗಿ ಹರಿಯುವುದನ್ನು 2025ರಲ್ಲಿ ಪ್ರಕಟಿಸಿದರು. ಲೋಹವು ವಿದ್ಯುತ್ತನ್ನು ಚೆನ್ನಾಗಿ ಒಯ್ದಂತೆ ಶಾಖವನ್ನೂ ಒಯ್ಯುವುದೆಂಬುದು 1853ರ ನಿಯಮ. ಇಲ್ಲಿ ಒಂದು ಏರಿದರೆ ಇನ್ನೊಂದು ಇಳಿಯಿತು; ಕಡುಶೀತದಲ್ಲಿ ನಿಯಮವು 200 ಪಟ್ಟಿಗೂ ಮಿಕ್ಕಿ ತಪ್ಪಿತು. ಅತಿ ಕ್ಷೀಣ ಸಂಕೇತಗಳನ್ನು ಅಳೆಯುವ ಸಾಧನಗಳಿಗೆ ಇದರಿಂದ ನೆರವಾದೀತೆಂದು ಅವರ ನಿರೀಕ್ಷೆ.

ಮರುವಾರ ಹುಡುಗಿ ನಗುತ್ತ ಬಂದಳು. ಎಲ್ಲವನ್ನೂ ಕೇಳಿದ ಅಜ್ಜ, “ಅಂದ್ರ, ಮುಚ್ಚಾಕ ಬಾರದ ತೂಬು” ಎಂದನಂತೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದನಂತೆ: “ಬೆಂಗಳೂರಾಗ ಹಾಸ್ಟೆಲಿಗೆ ಎಷ್ಟ ರೊಕ್ಕ ಬೇಕಾಕ್ಕೈತಿ?”